ಒಂದನೇ ನಂಬರ್ ಇಲ್ಲದ ಪಟ್ಟಿ

ಬೆಂಕಿಕಡ್ಡಿಯ ತುದಿಯನ್ನು ಆಸಿಡ್‌ನಲ್ಲಿ ಅದ್ದಿ ಚಾಚಾ ನಾನು ಬರೆದ ಸಾಲಿನ ಮೇಲೆ ಇಟ್ಟರು. ಅಕ್ಷರದ ಉದ್ದಕ್ಕೂ ನಿಧಾನವಾಗಿ ಎಳೆದರು. ಕೆಳಗಿನ ಹಾಳೆಗೆ ತಾಗಬಾರದು ಎಂದು ನಡುವೆ ಒಂದು ಗಾಜಿನ ತುಂಡು ಇಟ್ಟಿದ್ದರು. ನೀಲಿ ಶಾಯಿ ಹರಡಿತು. ಹಾಳೆ ಕಂದು ಬಣ್ಣಕ್ಕೆ ತಿರುಗಿತು.

‘ಚಾಚಾ, ಹಾಳಿ ಸುಡ್ತೈತ್ರಿ’ ಅಂದೆ.

‘ಸುಡ್ಲಿ. ಹಾಳಿ ನಂದು.’

ಇನ್ನೊಂದು ಸಾಲು. ಮತ್ತೊಂದು. ಇಪ್ಪತ್ತಕ್ಕಿಂತ ಹೆಚ್ಚು ಸಾಲು ಬರೆದಿದ್ದೆ, ಅಷ್ಟನ್ನೂ ಸುಟ್ಟರು. ಕೊನೆಗೆ ಅರಳೆಯನ್ನು ಸೋಡಾ ನೀರಿನಲ್ಲಿ ಅದ್ದಿ ಎಲ್ಲಾ ಕಡೆ ಒತ್ತಿದರು. ಆಸಿಡ್ ಅಲ್ಲಿಗೇ ನಿಲ್ಲಬೇಕು, ಪಕ್ಕದ ಅಕ್ಷರ ತಿನ್ನಬಾರದು. ಬ್ಯಾಟರಿಯ ಮೇಲೆ ಆಸಿಡ್ ಚೆಲ್ಲಿದರೆ ಮಾಡುವ ಕೆಲಸವನ್ನೇ ತಮ್ಮ ಬರೆಯುವ ವಹಿಯ ಮೇಲೆ ಮಾಡಿದರು. ಮರುದಿನ ಹಾಳೆ ಒಣಗಿತು. ಬೆರಳು ತಾಗಿಸಿದರೆ ನನ್ನ ಸಾಲುಗಳು ಬೂದಿಯ ಹಾಗೆ ಉದುರಿದವು. ಅವು ಇದ್ದಲ್ಲಿ ಉದ್ದುದ್ದ ತೂತು.

ನನಗೆ ಭಾರೀ ಸಿಟ್ಟು ಬಂತು. ಎರಡು ದಿನ ಗಿರಾಕಿ ಬಿಟ್ಟು ಕೂತು ಬರೆದಿದ್ದೆ. ಅವರ ಒಳ್ಳೆಯದಕ್ಕೇ ಬರೆದಿದ್ದೆ. ಎಂಟು ದಿನ ಅವರ ಜೊತೆ ಮಾತಾಡಲಿಲ್ಲ. ಅವರೂ ಆಡಲಿಲ್ಲ. ನಮ್ಮಿಬ್ಬರ ಅಂಗಡಿಯ ನಡುವೆ ಒಂದೇ ಗೋಡೆ.

ನನ್ನದು ಪಂಕ್ಚರ್ ಅಂಗಡಿ. ಗಡಿಯಾಚೆ ಸಾಂಗಲಿ ಕಡೆಯ ಜತ್ತದಿಂದ ಡಫಳಾಪುರಕ್ಕೆ ಹೋಗುವ ದಾರಿಯಲ್ಲಿ, ಬೇವಿನ ಮರದ ಕೆಳಗೆ. ನಾನು ಏಳನೇ ತನಕ ಸಾಲಿ ಕಲಿತವನು. ಬರೆಯುವುದು ನನ್ನ ಕೆಲಸವಲ್ಲ. ಚಾಚಾ ತೀರಿಕೊಂಡ ಮೇಲೆ ಅವರ ಬಗ್ಗೆ ಸುಳ್ಳು ಸುಳ್ಳು ಹೇಳುವವರು ಹೆಚ್ಚಾಗಿದ್ದಾರೆ. ಅದಕ್ಕೆ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಈ ಕಡೆಯವರಿಗೆ ಯಾರೆಂದು ಗೊತ್ತಿದೆ, ಬೇರೆಯವರಿಗೆ ಬೇಕಾಗಿಲ್ಲ.

ಪಕ್ಕದ ಅಂಗಡಿಯಲ್ಲಿ ಅವರು ಟ್ರ್ಯಾಕ್ಟರ್, ಟೆಂಪೋ, ಜೀಪುಗಳ ಬ್ಯಾಟರಿ ಚಾರ್ಜ್ ಮಾಡುತ್ತಿದ್ದರು, ರಿಪೇರಿ ಮಾಡುತ್ತಿದ್ದರು. ಅವರ ಒಂದು ಪ್ಯಾಂಟೂ ನೆಟ್ಟಗಿರಲಿಲ್ಲ. ಆಸಿಡ್ ಸಿಡಿದು ಸಣ್ಣ ಸಣ್ಣ ತೂತು. ಬಿಸಿಲಲ್ಲಿ ನಿಂತರೆ ಕಾಲಿನ ಮೇಲೆ ಚುಕ್ಕಿ ಚುಕ್ಕಿ ಬೆಳಕು ಬೀಳುತ್ತಿತ್ತು. ಯಾರಾದರೂ ಕೈ ಚಾಚಿದರೆ ಕೈ ಕೊಡುತ್ತಿರಲಿಲ್ಲ, ಮೊಣಕೈ ಮುಂದೆ ಮಾಡುತ್ತಿದ್ದರು. ಹೊಸಬರು ಗರ್ವ ಎಂದುಕೊಳ್ಳುತ್ತಿದ್ದರು. ತಮ್ಮ ಕೈಯ ಆಸಿಡ್ ತಾಗಿ ಎದುರಿನವರ ಚರ್ಮ ಸುಡಬಾರದು ಅಷ್ಟೇ.

ಇದರ ಜೊತೆ ಅವರಿಗೆ ಇನ್ನೊಂದು ವಿಷಯ ಗೊತ್ತಿತ್ತು. ಎಂಬತ್ತರ ದಶಕದ ಇಂಗ್ಲಿಷ್ ಹಾಡುಗಳು. ಪಾಪ್, ರಾಕ್, ಎಲ್ಲ. ಯಾವ ವಾರ ಯಾವ ಹಾಡು ಎಷ್ಟನೇ ನಂಬರ್‌ನಲ್ಲಿತ್ತು, ಮುಂದಿನ ವಾರ ಎಲ್ಲಿಗೆ ಏರಿತು, ಎಲ್ಲಿಗೆ ಇಳಿಯಿತು, ಯಾವ ಹಾಡು ಏಳು ವಾರ ಎರಡನೇ ನಂಬರ್‌ನಲ್ಲಿ ಕೂತು ಒಂದನೆಯದು ಆಗದೇ ಹೋಯಿತು, ಯಾವುದು ಒಮ್ಮೆ ಬಂದು ಹೋಗಿ ಎರಡು ವರ್ಷ ಬಿಟ್ಟು ಮತ್ತೆ ಬಂತು. ಕೇಳಿದರೆ ಸ್ಕ್ರೂಡ್ರೈವರ್ ಕೆಳಗಿಡದೇ ಹೇಳುತ್ತಿದ್ದರು.

ಹೇಗೆ ಗೊತ್ತು ಎಂದರೆ, ರೇಡಿಯೋ. ಅವರು ಆಗ ಈಗಿನ ನನ್ನ ವಯಸ್ಸಿನವರು. ಹಿಂದಿ ಹಾಡು ಹುಡುಕುತ್ತ ಶಾರ್ಟ್‌ವೇವ್‌ನಲ್ಲಿ ಮುಳ್ಳು ತಿರುಗಿಸುತ್ತಿದ್ದಾಗ ಯಾರೋ ಒಬ್ಬ ಇಂಗ್ಲಿಷಿನವ ಹತ್ತರಿಂದ ಒಂದರ ತನಕ ಉಲ್ಟಾ ಎಣಿಸುತ್ತಿದ್ದನಂತೆ. ಚಾಚಾಗೆ ಆಗ ಇಂಗ್ಲಿಷ್‌ನಲ್ಲಿ ಬರುತ್ತಿದ್ದದ್ದು ಅಂಕಿ ಮಾತ್ರ, ವೋಲ್ಟ್ ನೋಡಲು ಕಲಿತದ್ದು. ಅಂಕಿ ತಿಳಿದ ಮೇಲೆ ಕೂತು ಕೇಳಿದರು. ಅಲ್ಲಿಂದ ಪ್ರತಿ ಐತವಾರ ಸಂಜೆ ಐದಕ್ಕೆ ರೇಡಿಯೋ ಮುಂದೆ. ಹಾಡಿನ ಹೆಸರು ಕಿವಿಗೆ ಹೇಗೆ ಬಿತ್ತೋ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದ್ದಾರೆ. ಇನ್ನೂರು ಪುಟದ ಸಾಲಿ ವಹಿಗಳು. ಒಂಬತ್ತು ಇವೆ.

ಕರೆಂಟಿನ ನೆಚ್ಚಿಕೆ ಇರಲಿಲ್ಲ. ಗಿರಾಕಿಗಳ ಬ್ಯಾಟರಿಯ ಮೇಲೆ ರೇಡಿಯೋ ನಡೆಸುತ್ತಿದ್ದರು. ಆಗಿನ ಬ್ಯಾಟರಿಗಳಿಗೆ ಮೇಲೇ ಸೀಸದ ಪಟ್ಟಿ ಕಾಣುತ್ತಿತ್ತು. ಮೂರು ಸೆಲ್ ಬಿಟ್ಟು ತಂತಿ ಹಿಡಿದರೆ ಆರು ವೋಲ್ಟ್. ರೇಡಿಯೋಗೆ ಅಷ್ಟು ಸಾಕು. ಮರುದಿನ ಗಿರಾಕಿ ಬಂದರೆ ಅವರೇ ಮೊದಲು ಹೇಳುತ್ತಿದ್ದರಂತೆ, ನಿಮ್ಮ ಬ್ಯಾಟರಿ ಮೇಲೆ ಒಂದು ತಾಸು ಹಾಡು ಕೇಳಿದ್ದೇನೆ, ಮತ್ತೆ ತುಂಬಿಸಿದ್ದೇನೆ ಎಂದು. ಯಾವ ವಾರ ಯಾರ ಬ್ಯಾಟರಿ ಎಂದು ವಹಿಯ ಮೇಲ್ಗಡೆ ಬರೆದಿದ್ದಾರೆ. ಡಫಳಾಪುರದ ಟೆಂಪೋ. ಕರಜಗಿ ಗೌಡರ ಟ್ರ್ಯಾಕ್ಟರ್. ಹೀಗೆ.

ಅರ್ಥ ಆಗದ ಹಾಡು ಯಾಕೆ ಕೇಳುತ್ತೀರಿ ಎಂದು ಎಲ್ಲರೂ ಕೇಳುತ್ತಿದ್ದರು. ನಾನೂ ಕೇಳಿದ್ದೇನೆ. ಅವರು ನನ್ನನ್ನು ಕೇಳಿದರು: ‘ನಿಮ್ಮ ಮನ್ಯಾಗಿನ ಎಮ್ಮಿ ಒದರಿದ್ದು ನಿನಗ ತಿಳೀತೈತೇನು?’

ಇಲ್ಲ ಅಂದೆ.

‘ಹಾಲ ಹಿಂಡ್ತೀಯಿಲ್ಲ?’

ಆಮೇಲೆ ಕೇಳಿ ಕೇಳಿ ಅವರಿಗೆ ಇಂಗ್ಲಿಷ್ ಸ್ವಲ್ಪ ಬಂದಿತ್ತು. ಆದರೆ ಹಾಡಿನ ಅರ್ಥ ಹೇಳಿದ್ದನ್ನು ನಾನು ಕೇಳಿಲ್ಲ. ಅವರಿಗೆ ಬೇಕಾದದ್ದು ಏರುವುದು, ಇಳಿಯುವುದು. ಒಮ್ಮೆ ನನಗೆ ಬಿಡಿಸಿ ಹೇಳಿದರು. ಈ ವಾರ ಮೇಲೆ ಇದ್ದವ ಮುಂದಿನ ವಾರ ಒಂಬತ್ತಕ್ಕೆ ಬರುತ್ತಾನೆ, ಯಾರಿಗೂ ಗೊತ್ತಿಲ್ಲದವ ಮೇಲೆ ಹೋಗುತ್ತಾನೆ. ನಮ್ಮ ಕಡೆ ಹಾಗಿದೆಯಾ? ಇಲ್ಲಿ ಮೇಲೆ ಕೂತವರು ಅಜ್ಜನ ಕಾಲದಿಂದ ಇಳಿದಿಲ್ಲ. ಅವರ ಮೊಮ್ಮಕ್ಕಳೂ ಇಳಿಯುವುದಿಲ್ಲ. ಆ ಒಂದು ತಾಸಿನಲ್ಲಾದರೂ ಇಳಿಯುವುದನ್ನು ನೋಡೋಣ ಎಂದು ಕೂರುತ್ತಿದ್ದೆ ಅಂದರು.

ಒಂದೇ ಹಾಡು ಹಿಟ್ ಆಗಿ ಮತ್ತೆ ಕಾಣದೇ ಹೋದವರದ್ದು ಬೇರೆ ಪಟ್ಟಿ ಮಾಡಿದ್ದರು. ಅವರ ಮೇಲೆ ಚಾಚಾಗೆ ಹೆಚ್ಚು ಪ್ರೀತಿ. ‘ಒಂದ ಸಲ ಬಂದ್ರು, ಮ್ಯಾಗ ಹ್ವಾದ್ರು, ಮುಗೀತು. ಯಾರ ಕಾಲೂ ಹಿಡೀಲಿಲ್ಲ’ ಅನ್ನುತ್ತಿದ್ದರು.

ನನಗೆ ಆ ಹಾಡುಗಳು ಇವತ್ತಿಗೂ ಸೇರುವುದಿಲ್ಲ. ಇದನ್ನೂ ಹೇಳಿಬಿಡುತ್ತೇನೆ. ಮೊಬೈಲ್‌ನಲ್ಲಿ ಹಾಕಿ ಕೇಳಿದ್ದೇನೆ. ತಲೆ ನೋಯುತ್ತದೆ.

ಜನ ಅವರನ್ನು ಆಡಿಕೊಳ್ಳುತ್ತಿದ್ದರು. ಕೋರ್ಟಿನ ಕಡೆಯ ಒಬ್ಬ ವಕೀಲರು ಜೀಪಿನ ಬ್ಯಾಟರಿ ತಂದಾಗಲೆಲ್ಲ ಇದರಿಂದ ನಿನಗೆ ಏನು ಸಿಕ್ಕಿತು ಎಂದು ಕೇಳುತ್ತಿದ್ದರು. ಚಾಚಾ ಒಮ್ಮೆ ಆಸಿಡ್ ಅಳೆಯುವ ಹೈಡ್ರೋಮೀಟರ್‌ ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಲೇ, ಸಾಹೇಬ್ರ, ನೀವು ಐತವಾರ ಸಂಜಿ ಏನ್ ಮಾಡಿದ್ರಿ ಆ ಹತ್ತ ವರ್ಷ, ಬರದಿಟ್ಟೀರೇನು ಎಂದು ಕೇಳಿದರು. ವಕೀಲರು ಆಮೇಲೆ ಡ್ರೈವರ್‌ನನ್ನು ಕಳಿಸತೊಡಗಿದರು.

ಇನ್ನೊಮ್ಮೆ ಸಾಂಗಲಿಯಿಂದ ಒಬ್ಬ ಇಂಜಿನಿಯರ್ ಬಂದಿದ್ದ, ಕಿವಿಗೆ ದೊಡ್ಡ ಹೆಡ್‌ಫೋನ್. ಯಾರೋ ಹೇಳಿದ್ದರಂತೆ, ಪರೀಕ್ಷೆ ಮಾಡಲು ಬಂದ. ಒಂದು ಹಾಡಿನ ಹೆಸರು ಹೇಳಿ ಇದು ಎಷ್ಟು ವಾರ ಒಂದನೇ ನಂಬರ್ ಅಂದ. ಚಾಚಾ ಅದು ಒಂದನೇ ನಂಬರ್ ಆಗೇ ಇಲ್ಲ ಅಂದರು. ಹುಡುಗ ನಕ್ಕ. ಇಡೀ ಜಗತ್ತಿಗೆ ಗೊತ್ತಿರುವ ಹಾಡು ಅಂದ. ಗೊತ್ತಿದ್ದರೂ ಎರಡರ ಮೇಲೆ ಹೋಗಲಿಲ್ಲ, ಮೊಬೈಲ್ ಕೈಯಲ್ಲೇ ಇದೆ, ನೋಡಿಕೋ ಅಂದರು. ಹುಡುಗ ನೋಡಿದ. ಮತ್ತೆ ನೋಡಿದ. ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಬೈಕ್ ಹತ್ತಿದ. ನಾನು ಟ್ಯೂಬ್ ಉಜ್ಜುತ್ತ ಭಾಳ ಹೊತ್ತು ನಕ್ಕೆ.

ಇಷ್ಟೆಲ್ಲ ಗೊತ್ತಿದ್ದ ಮನುಷ್ಯನ ವಹಿಯಲ್ಲಿ ಖಾಲಿ ಸಾಲುಗಳಿದ್ದವು. ಹತ್ತು ಸಾಲಿನಲ್ಲಿ ಒಂದು ಖಾಲಿ, ಕೆಲವು ವಾರ ಮೂರು ಖಾಲಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕಾರಣ. ಮಳೆ. ವೆಲ್ಡಿಂಗ್. ಗೌಡರು ಬ್ಯಾಟರಿ ಕೇಳಿದರು. ಅಮ್ಮಿಗೆ ಜ್ವರ. ರೇಡಿಯೋದವ ಆ ಹಾಡಿನ ಹೆಸರು ಹೇಳುವಾಗ ಕೇಳಿಸದೇ ಹೋದರೆ ಆ ಸಾಲು ಬಿಟ್ಟುಬಿಡುವುದು. ಆಮೇಲೆ ಯಾರೇ ಹೇಳಿದರೂ ತುಂಬುವುದಿಲ್ಲ. ಇದು ಅವರ ಪದ್ಧತಿ.

ಥಂಡಿಯ ದಿನಗಳ ಪಟ್ಟಿಯಂತೂ ವಿಚಿತ್ರ. ಹತ್ತರಿಂದ ಎರಡರ ತನಕ ಇದೆ, ಒಂದನೇ ನಂಬರ್ ಇಲ್ಲ. ಪ್ರತಿ ವರ್ಷ ದೀಪಾವಳಿ ಆದ ಮೇಲೆ ಎರಡು ತಿಂಗಳು ಹೀಗೆಯೇ. ಪಕ್ಕದಲ್ಲಿ ಒಂದೇ ಮಾತು, ಮಗ್ರಿಬ್. ಆ ದಿನಗಳಲ್ಲಿ ಹೊತ್ತು ಬೇಗ ಮುಳುಗುತ್ತದೆ. ರೇಡಿಯೋದವ ಒಂದನೇ ನಂಬರಿಗೆ ಬರುವುದಕ್ಕೂ ಇಲ್ಲಿ ಸಂಜೆಯ ನಮಾಜಿನ ಬಾಂಗ್ ಆಗುವುದಕ್ಕೂ ಸರಿಹೋಗುತ್ತಿತ್ತು. ಚಾಚಾ ರೇಡಿಯೋ ಬಂದ್ ಮಾಡಿ ಕೈಕಾಲು ತೊಳೆಯಲು ಏಳುತ್ತಿದ್ದರು. ರೇಡಿಯೋ ಹಚ್ಚಿಟ್ಟು ಅಂಗಡಿಯಲ್ಲೇ ನಮಾಜು ಮಾಡಿದ್ದರೆ ಆಗುತ್ತಿರಲಿಲ್ಲವಾ ಎಂದು ಕೇಳಿದೆ. ಎರಡು ಕಡೆ ಕಿವಿ ಇಟ್ಟರೆ ನಮಾಜೂ ಆಗುವುದಿಲ್ಲ, ಹಾಡೂ ಕೇಳಿದಂತಾಗುವುದಿಲ್ಲ ಅಂದರು. ಒಂದು ವರ್ಷ ಎದುರಿನ ಚಹಾದ ಅಂಗಡಿಯವನನ್ನು ಕೂರಿಸಿ ಹೋಗಿದ್ದರಂತೆ. ವಾಪಸು ಬಂದು ಏನು ಹಾಡು ಬಂತು ಎಂದು ಕೇಳಿದರೆ ಅವನು ಏನೋ ದಬದಬ ಅಂತು ಅಂದನಂತೆ. ಅದನ್ನೂ ಬರೆಯಲಿಲ್ಲ.

ಈಗ ಆ ಇಪ್ಪತ್ತು ಸಾಲಿನ ಕಥೆ.

ಎರಡು ವರ್ಷದ ಹಿಂದೆ ಜತ್ತದ ಒಂದು ಕಾಲೇಜಿನವರು ಸಣ್ಣ ರೇಡಿಯೋ ಶುರು ಮಾಡಿದರು. ಊರು, ಊರಿನ ಸುತ್ತ ಒಂದಷ್ಟು ದೂರ ಕೇಳಿಸುತ್ತದೆ. ಹೆಚ್ಚಿನದು ಮರಾಠಿ. ಕನ್ನಡಕ್ಕೆ ಅರ್ಧ ತಾಸು ಇಟ್ಟಿದ್ದರು. ಅದನ್ನು ನೋಡಿಕೊಳ್ಳುವ ಸರ್ ಕಾರಿನ ಬ್ಯಾಟರಿ ತರಲು ಬಂದವರು ವಹಿಗಳನ್ನು ನೋಡಿದರು. ನೋಡಿ ದಂಗಾದರು. ನೀವು ನಮ್ಮ ರೇಡಿಯೋದಲ್ಲಿ ಬಂದು ಪ್ರತಿ ವಾರ ಒಂದು ಪಟ್ಟಿ ಓದಿರಿ, ಹತ್ತರಿಂದ ಒಂದರ ತನಕ, ನಡುವೆ ಕಥೆ ಹೇಳಿರಿ, ಹಾಡಿನ ತುಣುಕು ನಾವು ಹಾಕುತ್ತೇವೆ ಅಂದರು.

ಸರ್ ಹೋದ ಮೇಲೆ ಚಾಚಾ ತುಂಬಿದ ಬ್ಯಾಟರಿಗೆ ಮತ್ತೆ ನೀರು ಹಾಕತೊಡಗಿದರು. ಅದು ಚೆಲ್ಲಿತು. ಹತ್ತು ವರ್ಷ ಆ ಡಬ್ಬಿಯ ಹೊರಗೆ ಕೂತು ಕೇಳಿದವರು. ಒಮ್ಮೆ ಒಳಗೆ ಕೂತು ಹೇಳಬೇಕು ಎಂದು ಅವರಿಗೆ ಆಸೆ ಇತ್ತು. ಬಾಯಿಬಿಟ್ಟು ಹೇಳಿರಲಿಲ್ಲ. ಆಸೆ ಇತ್ತು ಎಂದು ಚಾಚಿ, ಅವರ ಹೆಂಡತಿ, ನನಗೆ ಹೇಳಿದಳು. ಮನೆಯಲ್ಲಿ ಯಾರೂ ಕೇಳುತ್ತಿಲ್ಲ ಎಂದುಕೊಂಡಾಗ ಆ ಇಂಗ್ಲಿಷಿನವನ ಹಾಗೆ ಉಲ್ಟಾ ಎಣಿಸುತ್ತಿದ್ದರಂತೆ.

ಮತ್ತೆ ಬಂದಾಗ ಸರ್ ಖಾಲಿ ಸಾಲು ನೋಡಿದರು. ಇದು ನಡೆಯುವುದಿಲ್ಲ, ಪಟ್ಟಿ ಪೂರಾ ಇರಬೇಕು, ಅದರಲ್ಲೂ ಒಂದನೇ ನಂಬರ್ ಇಲ್ಲದೆ ಹೇಗೆ ಕಾರ್ಯಕ್ರಮ ಮಾಡುವುದು, ತುಂಬಿಸಿ ಇಡಿರಿ ಅಂದು ಹೋದರು. ಚಾಚಾ ನೋಡೋಣ ಅಂದರು. ನನಗೆ ಗೊತ್ತಾಯಿತು, ಇವರು ತುಂಬುವುದಿಲ್ಲ, ಕೆಲಸ ಕೈಬಿಟ್ಟು ಹೋಗುತ್ತದೆ. ಅದಕ್ಕೆ ಅವರು ಮಗಳ ಊರಿಗೆ ಹೋದಾಗ ಚಾಚಿಯ ಹತ್ತಿರ ಒಂದು ವಹಿ ಕೇಳಿ ತಂದೆ. ಮೊಬೈಲ್‌ನಲ್ಲಿ ಹುಡುಕಿದೆ. ನನ್ನ ಇಂಗ್ಲಿಷ್ ಟೈರಿನ ಮೇಲೆ ಬರೆದದ್ದು ಓದುವಷ್ಟು. ಹೇಗೋ ಮಾಡಿ ತುಂಬಿದೆ. ಅವರು ಬಂದ ಕೂಡಲೇ ಖುಷಿಯಿಂದ ಮುಂದೆ ಇಟ್ಟೆ.

ಅವರು ಪುಟ ತಿರುಗಿಸಿದರು. ಒಂದು ಕಡೆ ಬೆರಳು ಇಟ್ಟರು.

‘ನಾಕನೇ ನಂಬರಿಗೆ ಇದನ್ನ ಯಾಕ ಬರದಿ?’

‘ಮೊಬೈಲ್‌ದಾಗ ಹಂಗ ಐತ್ರಿ.’

‘ಕೆಳಗ ನೋಡು. ಏಳನೇದು ಯಾವುದೈತಿ?’

ನೋಡಿದೆ. ಅದೇ ಹಾಡು. ನಲವತ್ತು ವರ್ಷದ ಹಿಂದೆ ಅವರೇ ಬರೆದದ್ದು.

‘ಒಂದ ಹಾಡ ಒಂದ ವಾರದಾಗ ಎರಡ ಕಡೆ ಹ್ಯಾಂಗ ಕುಂದರತೈತಿ, ತಮ್ಮಾ? ನೀ ಬ್ಯಾರೇ ದೇಶದ ಪಟ್ಟಿ ತಂದು ನಂದರಾಗ ಸುರದಿ.’

ಆ ಹಾಡುಗಳಿಗೆ ದೇಶಕ್ಕೊಂದು ಪಟ್ಟಿ ಇರುತ್ತದೆ ಎಂದು ನನಗೇನು ಗೊತ್ತು. ಹಾಗಾದರೆ ಸರಿಯಾದದ್ದು ಹುಡುಕಿ ಬರೆಯುತ್ತೇನೆ ಅಂದೆ. ಬೇಡ ಅಂದರು. ನಾನು ಬಿಡಲಿಲ್ಲ. ಹಿಂದಿನ ವಾರ ಐದನೆಯದು, ಮುಂದಿನ ವಾರ ಮೂರನೆಯದು ಇರುವ ಹಾಡು ನಡುವಿನ ವಾರ ನಾಲ್ಕೇ ಇರಬೇಕು, ಇದು ಸಾದಾ ಲೆಕ್ಕ ಅಂದೆ.

‘ನಿನ್ನಿ ಬಂದ ಗಿರಾಕಿ ನಾಳಿ ಬಂದ್ರ, ಇವತ್ತೂ ಬಂದಿದ್ದ ಅಂತೀಯೇನು?’ ಅಂದರು. ಅಷ್ಟು ಹೇಳಿ ಒಳಗಿನಿಂದ ಆಸಿಡ್ ಬಾಟಲಿ ತಂದರು. ಮುಂದಿನದು ಮೊದಲೇ ಹೇಳಿದ್ದೇನೆ.

ಎಂಟು ದಿನ ಆದ ಮೇಲೆ ಒಂಬತ್ತನೇ ದಿನ ಅವರೇ ಗೋಡೆಯ ಆ ಕಡೆಯಿಂದ ಕರೆದರು. ಐತವಾರ ನನ್ನನ್ನು ಬೈಕ್ ಮೇಲೆ ಕಾಲೇಜಿಗೆ ಬಿಡು ಅಂದರು. ಪಟ್ಟಿ ತುಂಬಿಸಿದ್ದೀರಾ ಎಂದು ಕೇಳಿದೆ. ಬಿಡ್ತೀಯೋ, ನಡಕೊಂಡ ಹೋಗ್ಲ್ಯೋ ಅಂದರು. ಸರ್ ಒಂದನೇ ನಂಬರ್ ಎಲ್ಲಿ ಎಂದು ಅವರನ್ನು ಕೇಳಿದ್ದರಂತೆ, ಅದನ್ನು ನಾನು ರೇಡಿಯೋದಲ್ಲೇ ಹೇಳುತ್ತೇನೆ ಎಂದು ಇವರು ಫೋನ್‌ನಲ್ಲಿ ಹೇಳಿದ್ದರಂತೆ. ಸರ್ ಸಿಕ್ಕಿದೆ ಎಂದು ತಿಳಿದುಕೊಂಡರು. ಚಾಚಾ ಸುಳ್ಳು ಹೇಳಲಿಲ್ಲ. ಸರ್ ತಾವೇ ತಿಳಿದುಕೊಂಡದ್ದು.

ಆ ಐತವಾರ ಹೊಸ ಅಂಗಿ, ಹೊಸ ಪ್ಯಾಂಟು. ಒಂದು ತೂತಿಲ್ಲ. ರೇಡಿಯೋದಲ್ಲಿ ನಿಮ್ಮ ಪ್ಯಾಂಟು ಯಾರು ನೋಡುತ್ತಾರೆ ಎಂದು ಚಹಾದವ ಕೂಗಿದ. ಮೈಕ್ ನೋಡ್ತೈತಲೇ ಅಂದು ಬೈಕ್ ಹತ್ತಿದರು.

ಡಿಸೆಂಬರ್ ತಿಂಗಳು. ಅದೇ ತಿಂಗಳಿನ ಹಳೆಯ ಪಟ್ಟಿ ಇರಲಿ ಎಂದು ಸರ್ ಹೇಳಿದ್ದರು. ಕಾರ್ಯಕ್ರಮ ಮಧ್ಯಾಹ್ನ, ನಮಾಜಿನ ಅಡ್ಡಿ ಇಲ್ಲ. ಸಣ್ಣ ಕೋಣೆ, ಗೋಡೆಗೆಲ್ಲ ಸ್ಪಂಜು. ಗಾಜಿನ ಆ ಕಡೆ ಸರ್, ಕಂಪ್ಯೂಟರ್. ಈ ಕಡೆ ಮೈಕಿನ ಮುಂದೆ ಚಾಚಾ, ಮೂಲೆಯ ಸ್ಟೂಲ್ ಮೇಲೆ ನಾನು. ಉಸಿರು ಬಿಡಬೇಡ ಎಂದು ನನಗೆ ಹೇಳಿದ್ದರು.

ಚಾಚಾ ಹೇಳಿದ ಹಾಗೆ ಯಾರೂ ಹೇಳಲಿಕ್ಕಿಲ್ಲ. ಹತ್ತನೇ ನಂಬರ್, ಒಂಬತ್ತನೇ ನಂಬರ್. ಈ ಹಾಡಿನ ಕೊನೆಗೆ ಸೀಟಿ ಹೊಡೆಯುವವ ಹಾಡುವವನಲ್ಲ, ಬೇರೆಯವ. ಈ ಹಾಡು ಇವತ್ತು ಎಂಟರಲ್ಲಿದೆ, ಬಡಪಾಯಿ, ಇದರ ಮುಂದೆ ಹೋಗುವುದಿಲ್ಲ, ನಾ ಮುಂದಿನ ವಾರದ್ದು ನೋಡೀನಿ. ಹೀಗೆ. ಸರ್ ಗಾಜಿನ ಆ ಕಡೆ ನಗುತ್ತಿದ್ದರು. ಐದಕ್ಕೆ ಬಂದರು.

‘ಐದನೇ ನಂಬರ್ ನಾ ಕೇಳಿಲ್ಲ. ಕರಜಗಿ ಗೌಡ್ರು ಬಂದು ಬ್ಯಾಟರಿ ಈಗ ಬೇಕಂದ್ರು. ರೇಡಿಯೋ ಅವರ ಬ್ಯಾಟರಿ ಮ್ಯಾಗ ನಡದಿತ್ತು. ತಂತಿ ಬಿಚ್ಚಿ ಕೊಟ್ಟ್ಯಾ. ಬ್ಯಾರೇ ಬ್ಯಾಟರಿಗೆ ಹಚ್ಚೂದರಾಗ ನಾಕ ಬಂದಿತ್ತು. ನಾಕನೇ ನಂಬರ್...’

ಸರ್ ನಗು ನಿಲ್ಲಿಸಿದರು. ಆದರೂ ಬಿಟ್ಟರು. ನಾಲ್ಕು, ಮೂರು, ಎರಡು. ಆಮೇಲೆ ಚಾಚಾ ನೀರು ಕುಡಿದರು.

‘ಒಂದನೇ ನಂಬರ್ ನನಗ ಗೊತ್ತಿಲ್ಲ. ಬಾಂಗ್ ಆತು, ನಾ ಎದ್ದ್ಯಾ.’

ಸರ್ ಕೂಡಲೇ ಕಂಪ್ಯೂಟರ್ ಒತ್ತಿದರು. ಅವರು ಹಾಡು ಹುಡುಕಿ ಇಟ್ಟುಕೊಂಡಿದ್ದರು. ಹಾಡು ಶುರುವಾಯಿತು. ನನಗೆ ಒಂದು ಕ್ಷಣ ಖುಷಿಯಾಯಿತು, ಬಚಾವಾದರು ಎಂದು. ಚಾಚಾ ಮೈಕನ್ನು ಕೈಯಲ್ಲಿ ಹಿಡಿದು ಹತ್ತಿರ ಎಳೆದುಕೊಂಡರು.

‘ಬಂದ್ ಮಾಡ್ರಿ ಸರ್. ಇದು ನಿಮ್ಮ ಹಾಡು. ನನ್ನ ಪಟ್ಟ್ಯಾಗ ಇಲ್ಲ.’

ಇದು ಇಡೀ ಜತ್ತಕ್ಕೆ ಕೇಳಿಸಿತು. ಹಾಡು ನಿಂತಿತು. ಆಮೇಲೆ ಮರಾಠಿಯಲ್ಲಿ ಬೀಜದ ಜಾಹೀರಾತು ಬಂತು.

ಹೊರಗೆ ಬಂದ ಮೇಲೆ ಸರ್ ಕೆಂಪಾಗಿದ್ದರು. ಒಳ್ಳೆಯ ಮನುಷ್ಯ, ಕೆಟ್ಟವರೆಂದು ನಾನು ಹೇಳುವುದಿಲ್ಲ. ಮರ್ಯಾದೆಯಿಂದಲೇ ಮಾತಾಡಿದರು.

‘ನಿಮ್ಮ ಜ್ಞಾನ ದೊಡ್ಡದೈತ್ರಿ. ಆದ್ರ ಕೇಳೋರು ಒಂದನೇ ನಂಬರಿಗೇ ಕುಂತಿರ್ತಾರ. ಅದನ್ನ ಗೊತ್ತಿಲ್ಲ ಅಂದ್ರ ಹ್ಯಾಂಗ?’

‘ಗೊತ್ತಿಲ್ಲದ್ದಕ್ಕ ಮತ್ತೇನಂತಾರ್ರಿ?’

‘ನಾ ಚೀಟಿ ಬರದು ಕೊಡ್ತೀನಿ. ನೀವು ಬರೇ ಓದ್ರಿ. ಪ್ರತಿ ವಾರ ಬರ್ರಿ.’

‘ಚೀಟಿ ಓದಾಕ ನಿಮ್ಮ ಹುಡುಗ್ರು ಅದಾರ. ನನ್ನ ಕರದದ್ದು ನಾ ಕೇಳೀನಿ ಅಂತಲ್ಲ? ಕೇಳಿದ್ದ ಹೇಳ್ತೀನಿ. ಕೇಳದ್ದಿದ್ರ ಕೇಳಿಲ್ಲ ಅಂತೀನಿ. ಹಂಗ ಬೇಕಂದ್ರ ಬರ್ತೀನಿ, ಇಲ್ಲಾಂದ್ರ ನನ್ನ ಅಂಗಡಿ ಐತಿ.’

ಸರ್ ವಿಚಾರ ಮಾಡಿ ಹೇಳುತ್ತೇನೆ ಅಂದರು. ಅಂದರೆ ಇಲ್ಲ ಎಂದು ಅರ್ಥ. ಅದು ನನಗೂ ತಿಳಿಯುತ್ತದೆ.

ದಾರಿಯಲ್ಲಿ ನಾನು ಬೈದೆ. ಹೌದು, ಬೈದೆ. ಒಂದು ಹೆಸರು, ಬಾಯಿಬಿಟ್ಟು ಹೇಳಿದ್ದರೆ ಜೀವಮಾನದ ಆಸೆ ಪ್ರತಿ ವಾರ ತೀರುತ್ತಿತ್ತು, ನಿಮ್ಮ ಹಟಕ್ಕೆ ಬೆಂಕಿ ಬೀಳಲಿ ಅಂದೆ. ಬೈಕಿನ ಕನ್ನಡಿಯಲ್ಲಿ ಹಿಂದೆ ಕೂತ ಅವರನ್ನು ನೋಡಿದೆ. ಕಣ್ಣು ಒದ್ದೆಯಾಗಿತ್ತು. ಗಾಳಿಗೆ ಎಂದು ಹೇಳಬಹುದು, ನಾನು ಹಾಗೆ ಹೇಳುವುದಿಲ್ಲ. ಅವರಿಗೆ ಅದು ಬೇಕಾಗಿತ್ತು. ಭಾಳ ಬೇಕಾಗಿತ್ತು. ಬಿಟ್ಟು ಬಂದರು.

ಅಂಗಡಿಗೆ ಬಂದರೆ ಹತ್ತು ಹನ್ನೆರಡು ಜನ ನಿಂತಿದ್ದರು. ಬಜಾರದಲ್ಲೆಲ್ಲ ಹಚ್ಚಿಕೊಂಡು ಕೇಳಿದ್ದರಂತೆ. ಇಂಗ್ಲಿಷ್ ಹಾಡು ಯಾರಿಗೂ ಬೇಕಾಗಿರಲಿಲ್ಲ. ಕರಜಗಿ ಗೌಡರ ಮಗ ಗೊಬ್ಬರ ಒಯ್ಯಲು ಜತ್ತಕ್ಕೆ ಬಂದವ ಗೊಬ್ಬರದ ಅಂಗಡಿಯಲ್ಲಿ ತಮ್ಮ ಅಪ್ಪನ ಬ್ಯಾಟರಿಯ ಸುದ್ದಿ ಕೇಳಿ ಓಡಿ ಬಂದಿದ್ದ. ಅವರ ಅಪ್ಪ ಹೋಗಿ ಆರು ವರ್ಷ ಆಗಿತ್ತು. ಆ ಸಂಜೆ ಬ್ಯಾಟರಿ ಯಾಕೆ ಅಷ್ಟು ಅವಸರದಲ್ಲಿ ಬೇಕಾಗಿತ್ತು ಎಂದು ಕೇಳಿದ. ಚಾಚಾ ವಹಿ ತೆಗೆದು ತಾರೀಕು ತೋರಿಸಿದರು. ಹುಡುಗ ಲೆಕ್ಕ ಹಾಕಿದ. ಅಕ್ಕ ಹುಟ್ಟಿದ ದಿನ. ಅವ್ವನನ್ನು ಟ್ರ್ಯಾಕ್ಟರ್‌ನಲ್ಲೇ ದವಾಖಾನೆಗೆ ಕರೆದೊಯ್ದದ್ದಂತೆ. ಅವನು ಆ ಖಾಲಿ ಸಾಲಿನ ಫೋಟೋ ತೆಗೆದುಕೊಂಡ. ತುಂಬಿದ ಸಾಲುಗಳನ್ನು ತೆಗೆಯಲಿಲ್ಲ.

ಆಗ ನನಗೆ ನಾನು ಏನು ಮಾಡಿದ್ದೆ ಎಂದು ತಿಳಿಯಿತು. ಚಾಚಾಗೆ ಹೇಳಲಿಲ್ಲ. ತಪ್ಪಾಯಿತು ಎಂದು ಹೇಳುವುದು ನನಗೆ ಬರುವುದಿಲ್ಲ. ಅವರ ಚಾರ್ಜಿಂಗ್ ಮಷಿನ್ನಿನ ಫ್ಯಾನ್ ಕೆಟ್ಟಿತ್ತು, ಕೂತು ಸರಿ ಮಾಡಿಕೊಟ್ಟೆ.

ಮುಂದಿನ ಐತವಾರದಿಂದ ಚಾಚಾ ಅಂಗಡಿಯ ಕಟ್ಟೆಯ ಮೇಲೇ ಶುರು ಮಾಡಿದರು. ಮೈಕಿಲ್ಲ, ಏನಿಲ್ಲ. ಗಂಟಲು ದೊಡ್ಡದು. ಹತ್ತನೇ ನಂಬರ್ ಎಂದು ಕೂಗಿದರೆ ಚಹಾದ ಅಂಗಡಿಯಲ್ಲಿ ಕೂತವರು ತಿರುಗುತ್ತಿದ್ದರು. ಮೊದಲು ನಗಲು ಬರುತ್ತಿದ್ದರು. ಆಮೇಲೆ ಖಾಲಿ ಸಾಲಿಗಾಗಿ ಬರತೊಡಗಿದರು. ಆರನೇದು ಕೇಳಿಲ್ಲ ಎಂದರೆ ಯಾಕ್ರೀ ಚಾಚಾ ಎಂದು ಹತ್ತು ಬಾಯಿ. ಯಾಕೆ ಎಂದು ಹೇಳುತ್ತಿದ್ದರು. ಒಂದು ವಾರ ಹೇಳಲಿಲ್ಲ. ನಿನಗ್ಯಾಕ, ನನ್ನ ಹೆಂಡ್ತಿ ಕರದ್ಲು ಎಂದರು. ಚಾಚಿ ಒಳಗಿನಿಂದ ತಂಬಿಗೆ ಬೀಸಿದಳು. ಹೀಗೆ ಒಂದು ವರ್ಷ ನಡೆಯಿತು. ಕಾಲೇಜಿನ ಹುಡುಗರೂ ಬಂದು ನಿಲ್ಲುತ್ತಿದ್ದರು. ಸರ್ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ಚಾಚಾ ತೀರಿಕೊಂಡರು. ಹಗಲು ಹೊತ್ತಿನಲ್ಲಿ, ಅಂಗಡಿಯಲ್ಲೇ, ಬ್ಯಾಟರಿ ಎತ್ತುವಾಗ. ಎದೆ ಹಿಡಿದುಕೊಂಡು ಕೂತರು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಹದಿನೈದು ದಿನಕ್ಕೆ ಕಾಲೇಜಿನ ರೇಡಿಯೋದಲ್ಲಿ ಶ್ರದ್ಧಾಂಜಲಿ ಬಂತು. ಚಾಚಾರ ಹಳೆಯ ಧ್ವನಿಯನ್ನೇ ಹಾಕಿದ್ದರು. ಹತ್ತು, ಒಂಬತ್ತು, ಎಂಟು. ಐದು ಬಂದಾಗ ಗೌಡರು ಇಲ್ಲ, ಬ್ಯಾಟರಿ ಇಲ್ಲ. ಬೇರೆ ಯಾರದೋ ಧ್ವನಿ ಹಾಡಿನ ಹೆಸರು ಹೇಳಿತು. ಒಂದನೇ ನಂಬರಿಗೂ ಹಾಗೆ. ಹಾಡು ಪೂರಾ ಹಾಕಿದರು. ನಮ್ಮ ಊರಿನ ಅಪೂರ್ವ ಸಂಗ್ರಾಹಕರ ಸಂಪೂರ್ಣ ಪಟ್ಟಿ ಎಂದು ಮುಗಿಸಿದರು.

ಅಂಗಡಿ ತೆರೆದಿದ್ದಂತೆಯೇ ಬಿಟ್ಟು ಕಾಲೇಜಿಗೆ ಹೋದೆ. ಸರ್ ಎದ್ದು ಕುರ್ಚಿ ಕೊಟ್ಟರು. ಕೂರಲಿಲ್ಲ.

‘ಅವರ ಬಾಯಾಗ ಅವರು ಹೇಳದ್ದ ಹಾಕೀರಿ’ ಅಂದೆ.

ಗೌರವಕ್ಕಾಗಿ ಮಾಡಿದ್ದು, ಅರ್ಧಮರ್ಧ ಇದ್ದರೆ ಅವರಿಗೇ ಕಡಿಮೆ ಆಗುತ್ತಿತ್ತು ಅಂದರು. ಒಂಬತ್ತೂ ವಹಿ ಕೊಟ್ಟರೆ ಕಂಪ್ಯೂಟರ್‌ನಲ್ಲಿ ತಿದ್ದಿ, ತುಂಬಿಸಿ, ಪುಸ್ತಕ ಮಾಡುತ್ತೇವೆ, ನಿನ್ನ ಹೆಸರೂ ಹಾಕುತ್ತೇವೆ ಅಂದರು. ಖಾಲಿ ಸಾಲುಗಳನ್ನು ಒಮ್ಮೆ ನಾನೇ ತುಂಬಿದ್ದೆ ಎಂದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದರೆ ನನ್ನನ್ನು ತಮ್ಮವನೆಂದು ತಿಳಿಯುತ್ತಿದ್ದರು. ದಿನಾ ಮತ್ತೆ ಮತ್ತೆ ಹಾಕುತ್ತಿರುವ ಆ ಕಾರ್ಯಕ್ರಮ ತೆಗೆಯಿರಿ, ಇಲ್ಲವಾದರೆ ನಾನು ಪ್ರತಿ ದಿನ ಬಂದು ಇದೇ ಮಾತು ಹೇಳುತ್ತೇನೆ ಎಂದು ಹೇಳಿದೆ. ನಾಲ್ಕು ದಿನ ಹೋದೆ. ಐದನೇ ದಿನ ತೆಗೆದರು.

ವಹಿಗಳನ್ನು ಚಾಚಿ ನನಗೆ ಕೊಟ್ಟಿದ್ದಾಳೆ. ಪುಸ್ತಕ ಮಾಡುವವರು ಇನ್ನೂ ಫೋನ್ ಮಾಡುತ್ತಾರೆ. ಪುಣೆಯಿಂದಲೂ ಒಬ್ಬರು ಮಾಡಿದರು. ಎಲ್ಲರಿಗೂ ಇಲ್ಲೇ ಉತ್ತರ ಹೇಳುತ್ತಿದ್ದೇನೆ. ಕೊಡುವುದಿಲ್ಲ. ಓದಬೇಕು ಅನ್ನುವವರು ಪಂಕ್ಚರ್ ಅಂಗಡಿಗೆ ಬರಲಿ, ಸ್ಟೂಲ್ ಇದೆ, ಕೂತು ಎಷ್ಟು ಹೊತ್ತಾದರೂ ಓದಲಿ. ಪೆನ್ನು ಮಾತ್ರ ನನ್ನ ಕೈಗೆ ಕೊಟ್ಟು ಕೂರಬೇಕು. ಹೇಳುವುದು ಇಷ್ಟೇ ಇತ್ತು, ಇನ್ನೇನೂ ಇಲ್ಲ.